ಇಬ್ಬರಿಗೂ ಒಂದೇ ಪತ್ರ: ನರರೋಗ ತಜ್ಞರಿಗೆ, ರೇಡಿಯಾಲಜಿಸ್ಟರಿಗೆ



ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿನದನ್ನು ಓದಿ ಮುಗಿಸುತ್ತೀರಿ, ನಿಮ್ಮಿಬ್ಬರ ನಡುವೆ ಆಗಬೇಕಾದ ಮಾತು ಹಾಗೇ ಉಳಿದುಹೋಗುತ್ತದೆ. ನನಗೆ ಬೇಕಾಗಿರುವುದು ಆ ಮಾತು.

ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲಿರೋಸಿಸ್ (ಎಂಎಸ್) ಇದೆ. ನಾವು ಚಿತ್ರದುರ್ಗ ಜಿಲ್ಲೆಯವರು. ಅವಳು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮೇಲಿನ ಮೈಲಿನ್ ಪೊರೆಯನ್ನು ಅಲ್ಲಲ್ಲಿ ಕೆಡಿಸುವ ಕಾಯಿಲೆ ಇದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇದನ್ನು ಓದುವ ಬೇರೆಯವರಿಗಾಗಿ ಬರೆದೆ. ಅವರಿಗೆ ಇನ್ನೂ ಒಂದು ಸಂಗತಿ ತಿಳಿದಿರಲಿ: ಇದು ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನೊಳಗೆ ಕಾಣಿಸಿಕೊಳ್ಳುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಓದು, ಕೆಲಸ, ಮದುವೆ, ಮಕ್ಕಳು ಎಲ್ಲವೂ ಒಟ್ಟಿಗೆ ಎದುರಿಗಿರುವ ವಯಸ್ಸು ಅದು.

ತಂಗಿಗೆ ಮೊದಲು ಬಂದದ್ದು ಕಣ್ಣುನೋವು. ಎಡಗಣ್ಣು ಹೊರಳಿಸಿದರೆ ನೋವು, ಕೆಂಪು ಬಣ್ಣ ಆ ಕಣ್ಣಿಗೆ ತೊಳೆದು ಮಾಸಿದ ಹಾಗೆ ಕಾಣುವುದು. ಕಣ್ಣಿನ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಟ್ಟರು, ವಾಸಿಯಾಯಿತು, ಆ ಚೀಟಿ ಬೀರುವಿನಲ್ಲಿ ಉಳಿಯಿತು. ಬಹಳ ದಿನಗಳ ನಂತರ ಸೊಂಟದಿಂದ ಕೆಳಗೆ ಜೋಮು ಹಿಡಿಯಿತು. ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಹೋದೆವು. ಓಪಿಡಿಯ ನೂಕುನುಗ್ಗಲಿನಲ್ಲಿ ಅವಳು ತಲೆನೋವಿನ ಮಾತನ್ನೂ ಆಡಿದಳು. ಎಂಆರ್‌ಐ ಚೀಟಿಯಲ್ಲಿ ಬಂದದ್ದು ಅದೊಂದೇ: ತಲೆನೋವು, ಮಿದುಳಿನ ಎಂಆರ್‌ಐ. ಕಣ್ಣಿನ ವಿಷಯ ಇರಲಿಲ್ಲ, ಜೋಮಿನ ವಿಷಯವೂ ಇರಲಿಲ್ಲ. ರಿಪೋರ್ಟಿನಲ್ಲಿ, ಬಿಳಿ ದ್ರವ್ಯದಲ್ಲಿ ಕೆಲವು ಚುಕ್ಕೆಗಳಿವೆ, ಅವು ಮೈಗ್ರೇನಿನವೂ ಇರಬಹುದು, ಸಣ್ಣ ರಕ್ತನಾಳಗಳವೂ ಇರಬಹುದು, ರೋಗಲಕ್ಷಣದೊಂದಿಗೆ ಹೊಂದಿಸಿ ನೋಡಿ ಎಂದಿತ್ತು. ಬಿ12 ಮಾತ್ರೆ ಬರೆದು ಕಳಿಸಿದರು.

ಮುಂದಿನ ವರ್ಷ ಅವಳಿಗೆ ಒಂದು ವಸ್ತು ಎರಡಾಗಿ ಕಾಣತೊಡಗಿತು. ಈ ಸಲ ಬೇರೆ ಸೆಂಟರು, ಬೇರೆ ಯಂತ್ರ. ಹಳೆಯ ಫಿಲ್ಮ್ ನಮ್ಮ ಕೈಯಲ್ಲೇ ಇತ್ತು, ಯಾರೂ ಕೇಳಲಿಲ್ಲ. ಹೊಸ ರಿಪೋರ್ಟಿನಲ್ಲಿ ಚುಕ್ಕೆಗಳಿವೆ ಎಂದಿತ್ತು, ಅವುಗಳಲ್ಲಿ ಹಳೆಯವು ಯಾವು, ಹೊಸವು ಯಾವು ಎಂದಿರಲಿಲ್ಲ. ಆಮೇಲೆ ಸಿಕ್ಕಿದ ನರರೋಗ ತಜ್ಞರೊಬ್ಬರು ಎರಡೂ ಸ್ಕ್ಯಾನ್‌ಗಳ ಸಿಡಿಗಳನ್ನು ಹಿಡಿದುಕೊಂಡು ತಾವೇ ಕೆಳಗಿಳಿದು ರೇಡಿಯಾಲಜಿ ವಿಭಾಗಕ್ಕೆ ಹೋದರು. ಅಲ್ಲಿನ ರೇಡಿಯಾಲಜಿಸ್ಟರ ಪಕ್ಕದಲ್ಲಿ ಕುಳಿತು ಕಣ್ಣಿನ ಕಥೆ, ಜೋಮಿನ ಕಥೆ ಹೇಳಿದರು. ಕಥೆ ಕೇಳಿದ ರೇಡಿಯಾಲಜಿಸ್ಟರು ಮೊದಲ ಸ್ಕ್ಯಾನಿನ ಪಕ್ಕನೋಟದ ಚಿತ್ರಗಳನ್ನು ಮತ್ತೆ ತೆರೆದರು. ಮಿದುಳಿನ ಸ್ಕ್ಯಾನಿನಲ್ಲಿ ಕತ್ತಿನ ಮೇಲ್ಭಾಗದ ಬೆನ್ನುಹುರಿಯೂ ಒಂದಿಷ್ಟು ಬಂದಿರುತ್ತದೆ. ಅಲ್ಲಿ, ಚಿತ್ರದ ಅಂಚಿನಲ್ಲಿ, ಒಂದು ಕಲೆ ಇತ್ತು. ಒಂದು ವರ್ಷದಿಂದ ಅದು ಅಲ್ಲೇ ಇತ್ತು. ತಲೆನೋವೆಂದು ಬರೆದ ಚೀಟಿ ಹಿಡಿದು ನೋಡಿದವರಿಗೆ ಬೆನ್ನುಹುರಿಯ ಅಂಚನ್ನು ಹುಡುಕುವ ಕಾರಣವೇ ಇರಲಿಲ್ಲ. ಅಂದೇ ಇಡೀ ಬೆನ್ನುಹುರಿಯ ಎಂಆರ್‌ಐಗೆ ಬರೆದರು, ಬೆನ್ನಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು, ವಾರದೊಳಗೆ ಕಾಯಿಲೆಗೆ ಹೆಸರು ಸಿಕ್ಕಿತು.

ಮೊದಲ ಆಸ್ಪತ್ರೆಯ ಇಬ್ಬರು ವೈದ್ಯರ ಮೇಲೂ ನನಗೆ ಸಿಟ್ಟಿಲ್ಲ. ಇಬ್ಬರೂ ತಮ್ಮ ಎದುರಿಗೆ ಬಂದದ್ದನ್ನು ಸರಿಯಾಗಿಯೇ ನೋಡಿದರು. ಎದುರಿಗೆ ಬಂದದ್ದೇ ಅರ್ಧ. ಆ ಇಬ್ಬರು ಅಂದು ಐದು ನಿಮಿಷ ಒಟ್ಟಿಗೆ ಕುಳಿತಿದ್ದರೆ ನನ್ನ ತಂಗಿಗೆ ಔಷಧಿ ಒಂದು ವರ್ಷ ಮೊದಲೇ ಶುರುವಾಗುತ್ತಿತ್ತು. ಈ ಕಾಯಿಲೆಯಲ್ಲಿ ಕಳೆದುಹೋದ ಒಂದು ವರ್ಷಕ್ಕೆ ಏನು ಬೆಲೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಒಮ್ಮೆ ತುಂಡಾದ ನರತಂತುವನ್ನು ಮತ್ತೆ ಬೆಳೆಸುವ ಔಷಧಿ ಇನ್ನೂ ಬಂದಿಲ್ಲ; ಇರುವ ಔಷಧಿಗಳೆಲ್ಲ ಮುಂದಿನ ಹಾನಿಯನ್ನು ತಡೆಯುವಂಥವು.

ಅಂದಿನಿಂದ ನಾನು ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಆಶ್ಚರ್ಯವಾಗುತ್ತದೆ: ಈ ಕಾಯಿಲೆಯ ಆಧುನಿಕ ಇತಿಹಾಸವೇ ನಿಮ್ಮಿಬ್ಬರ ಒಡನಾಟದ ಇತಿಹಾಸ. 1868ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಈ ರೋಗವನ್ನು ಬಿಡಿಸಿ ವಿವರಿಸಿದಾಗ ಕಲೆಗಳನ್ನು ನೋಡಲು ರೋಗಿ ಸಾಯುವವರೆಗೆ ಕಾಯಬೇಕಿತ್ತು. 1916ರಲ್ಲಿ ಜೇಮ್ಸ್ ಡಾಸನ್ ಮಿದುಳಿನ ಕುಹರಗಳಿಂದ ಬೆರಳುಗಳಂತೆ ಹೊರಚಾಚುವ ಕಲೆಗಳನ್ನು ಬಣ್ಣಿಸಿದ್ದೂ ಸೂಕ್ಷ್ಮದರ್ಶಕದಲ್ಲಿ ನೋಡಿಯೇ. ಬದುಕಿರುವವರ ಮಿದುಳಿನಲ್ಲಿ ಅವು ಸ್ಪಷ್ಟವಾಗಿ ಕಂಡದ್ದು 1981ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ. ಹತ್ತು ರೋಗಿಗಳಲ್ಲಿ ಸಿಟಿ ಸ್ಕ್ಯಾನ್ ಒಟ್ಟು 19 ಕಲೆಗಳನ್ನು ತೋರಿಸಿತ್ತು. ಆಗಷ್ಟೇ ಬಂದಿದ್ದ ಎಂಆರ್ ಯಂತ್ರ ಅವುಗಳ ಜೊತೆಗೆ ಇನ್ನೂ 112 ಕಲೆಗಳನ್ನು ತೋರಿಸಿತು. ಆ ಲೇಖನಕ್ಕೆ ಸಹಿ ಹಾಕಿದವರನ್ನು ನೋಡಿ: ಇಯಾನ್ ಯಂಗ್ ಭೌತವಿಜ್ಞಾನಿ, ಗ್ರೇಮ್ ಬಿಡರ್ ಮತ್ತು ರಾಬರ್ಟ್ ಸ್ಟೈನರ್ ರೇಡಿಯಾಲಜಿಸ್ಟರು, ಕ್ರಿಸ್ ಪ್ಯಾಲಿಸ್ ನರರೋಗ ತಜ್ಞ. ಪ್ಯಾಲಿಸ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ. ಯಂತ್ರ ಬಲ್ಲವರು, ಚಿತ್ರ ಓದಬಲ್ಲವರು, ರೋಗಿಯನ್ನು ಬಲ್ಲವರು ಒಂದೇ ಕೋಣೆಯಲ್ಲಿದ್ದುದರಿಂದ ಆ 112 ಕಲೆಗಳಿಗೆ ಅರ್ಥ ಬಂತು.

ಮುಂದಿನದೂ ಹಾಗೆಯೇ. ಈ ಕಾಯಿಲೆಯ ರೋಗನಿರ್ಣಯದ ಸೂತ್ರಗಳಿಗೆ ಹೆಸರು ಕೊಟ್ಟ ಇಯಾನ್ ಮೆಕ್‌ಡೊನಾಲ್ಡ್ ನ್ಯೂಜಿಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದ ನರರೋಗ ತಜ್ಞರು. 2001ರಲ್ಲಿ ಅವರ ನೇತೃತ್ವದ ಸಮಿತಿ ಆ ಸೂತ್ರಗಳನ್ನು ರೂಪಿಸಿದಾಗ, ಚಿತ್ರದಲ್ಲಿ ಎಷ್ಟು ಕಲೆ ಎಲ್ಲಿದ್ದರೆ ರೋಗ ಎನ್ನಬಹುದು ಎಂಬ ಲೆಕ್ಕವನ್ನು ತೆಗೆದುಕೊಂಡದ್ದು ಆಮ್‌ಸ್ಟರ್‌ಡ್ಯಾಮಿನ ರೇಡಿಯಾಲಜಿಸ್ಟ್ ಫ್ರೆಡೆರಿಕ್ ಬಾರ್ಕಾಫ್ 1997ರಲ್ಲಿ ಪ್ರಕಟಿಸಿದ ಕೆಲಸದಿಂದ. 2005, 2010, 2017, 2024, ಪ್ರತಿ ಪರಿಷ್ಕರಣೆಯಲ್ಲೂ ಚಿತ್ರದ ಪಾಲು ಹೆಚ್ಚುತ್ತಲೇ ಬಂದಿದೆ. ಹೀಗೆ ಇಬ್ಬರು ಸೇರಿ ಕಟ್ಟಿದ ವಿದ್ಯೆಯನ್ನು ದಿನನಿತ್ಯದ ಆಸ್ಪತ್ರೆಯಲ್ಲಿ ಒಂದು ಚೀಟಿ, ಒಂದು ರಿಪೋರ್ಟು, ನಡುವೆ ಓಡಾಡುವ ಒಬ್ಬ ನೆಂಟ ಎಂಬಷ್ಟಕ್ಕೆ ಇಳಿಸಿರುವುದು ನನಗೆ ನೋವಿನ ಸಂಗತಿ.

ನರರೋಗ ತಜ್ಞರೇ, ಮೊದಲು ನಿಮ್ಮ ಚೀಟಿಯ ವಿಷಯ ಹೇಳುತ್ತೇನೆ. ಬಿಳಿ ಚುಕ್ಕೆ ಎಲ್ಲರ ಮಿದುಳಿನಲ್ಲೂ ಬರಬಹುದು. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ, ಮೈಗ್ರೇನ್ ಇರುವವರಲ್ಲಿ ಸಾಮಾನ್ಯ. ಬರೀ ಚುಕ್ಕೆ ನೋಡಿ ಎಂಎಸ್ ಎಂದುಬಿಡುವ ಅಪಾಯವೂ ಕಡಿಮೆಯದಲ್ಲ. 2016ರಲ್ಲಿ ಅಮೆರಿಕದ ನಾಲ್ಕು ಎಂಎಸ್ ಕೇಂದ್ರಗಳ ತಜ್ಞರು, ಎಂಎಸ್ ಇಲ್ಲದೆಯೇ ಎಂಎಸ್ ಎಂಬ ಹಣೆಪಟ್ಟಿ ಹೊತ್ತಿದ್ದ 110 ಜನರ ವಿವರ ಪ್ರಕಟಿಸಿದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಹಣೆಪಟ್ಟಿಯಲ್ಲೇ ಬದುಕಿದ್ದರು, ಶೇಕಡಾ 70 ಜನ ಎಂಎಸ್ ಔಷಧಿಗಳನ್ನು ತೆಗೆದುಕೊಂಡಿದ್ದರು. ಅವರಲ್ಲಿ ಅತಿ ಹೆಚ್ಚು ಮಂದಿಗೆ ನಿಜವಾಗಿ ಇದ್ದದ್ದು ಮೈಗ್ರೇನ್. ನನ್ನ ತಂಗಿಗೆ ಆದದ್ದು ಇದರ ತದ್ವಿರುದ್ಧ: ಎಂಎಸ್ ಇದ್ದು ಮೈಗ್ರೇನ್ ಎನಿಸಿಕೊಂಡಳು. ಎರಡಕ್ಕೂ ಕಾರಣ ಒಂದೇ. ಚಿತ್ರ ನೋಡಿದವರಿಗೆ ರೋಗಿ ಗೊತ್ತಿರಲಿಲ್ಲ, ರೋಗಿಯನ್ನು ನೋಡಿದವರು ಚಿತ್ರವನ್ನು ಬಿಡಿಸಿ ಕೇಳಲಿಲ್ಲ.

ಹಾಗಾಗಿ ಚೀಟಿಯಲ್ಲಿ ವಯಸ್ಸು, ಯಾವ ತೊಂದರೆ, ಎಂದು ಶುರುವಾಯಿತು, ಹಿಂದೆ ಏನಾಗಿತ್ತು, ಮೈ ಮುಟ್ಟಿ ಪರೀಕ್ಷಿಸಿದಾಗ ನೀವು ಕಂಡದ್ದೇನು, ನಿಮಗಿರುವ ಅನುಮಾನ ಏನು, ಇಷ್ಟು ದಯವಿಟ್ಟು ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ರೋಗಿ ಯಾವ ಔಷಧಿಯಲ್ಲಿದ್ದಾಳೆ ಎಂದು ಬರೆಯಿರಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಟಲಿಜುಮ್ಯಾಬ್ ಎಂಬ ಪ್ರಬಲ ಔಷಧಿಗೆ 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, 2005ರ ಫೆಬ್ರವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು, 2006ರಲ್ಲಿ ಕಟ್ಟುನಿಟ್ಟಿನ ನಿಗಾದೊಂದಿಗೆ ಮರಳಿ ತಂದರು. ಜೆಸಿ ವೈರಸ್ಸಿನಿಂದ ಬರುವ ಪಿಎಂಎಲ್ ಎಂಬ ಮಿದುಳಿನ ಸೋಂಕು ಇದಕ್ಕೆ ಕಾರಣ. ಆ ಸೋಂಕಿನ ಭಯ ಹೆಚ್ಚಿರುವವರಿಗೆ 3ರಿಂದ 6 ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸಬೇಕೆಂಬ ನಿಯಮವಿದೆ, ಏಕೆಂದರೆ ಲಕ್ಷಣ ಕಾಣಿಸುವ ಮೊದಲೇ ಚಿತ್ರದಲ್ಲಿ ಹಿಡಿದರೆ ಬದುಕುವ ಸಾಧ್ಯತೆ ಹೆಚ್ಚು. ಆದರೆ ಪಿಎಂಎಲ್‌ನ ಮೊದಲ ಸಣ್ಣ ಕಲೆ ಎಂಎಸ್‌ನ ಹೊಸ ಕಲೆಯಂತೆಯೇ ಕಾಣಬಹುದು. ರೋಗಿ ನಟಲಿಜುಮ್ಯಾಬ್ ಮೇಲಿದ್ದಾಳೆಂದು ಗೊತ್ತಿಲ್ಲದ ರೇಡಿಯಾಲಜಿಸ್ಟರು ಅದನ್ನು ಎಂಎಸ್ ಕಲೆಯೆಂದು ಬರೆದರೆ, ನಿಲ್ಲಿಸಬೇಕಾದ ಔಷಧಿ ಮುಂದುವರಿಯುತ್ತದೆ. ಒಂದು ಔಷಧಿಯ ಹೆಸರು ಚೀಟಿಯಲ್ಲಿ ಬಿಟ್ಟುಹೋದದ್ದರಿಂದ ಒಂದು ಜೀವ ಹೋಗಬಹುದು. ಇಲ್ಲಿ ನಾನು ಸ್ವಲ್ಪವೂ ಹಿಗ್ಗಿಸಿ ಹೇಳುತ್ತಿಲ್ಲ.

ರೇಡಿಯಾಲಜಿಸ್ಟರೇ, ಈಗ ನಿಮ್ಮ ರಿಪೋರ್ಟು. ನಮ್ಮ ನರರೋಗ ತಜ್ಞರಿಗೆ ಬೇಕಾದದ್ದು ಕಲೆ ಇದೆಯೇ ಎಂಬ ಉತ್ತರವೊಂದೇ ಅಲ್ಲ. ಎಲ್ಲಿದೆ ಎಂಬುದರ ಮೇಲೆ ಈ ಕಾಯಿಲೆಯ ಇಡೀ ತೀರ್ಮಾನ ನಿಂತಿದೆ. ಕುಹರಗಳ ಅಂಚಿಗೆ ತಾಗಿಕೊಂಡಿದೆಯೇ, ಮಿದುಳಿನ ಹೊರಪದರದಲ್ಲೋ ಅದಕ್ಕೆ ಅಂಟಿಕೊಂಡೋ ಇದೆಯೇ, ಕಿರುಮಿದುಳು ಮತ್ತು ಮಿದುಳಿನ ಕಾಂಡದಲ್ಲಿ ಇದೆಯೇ, ಬೆನ್ನುಹುರಿಯಲ್ಲಿ ಇದೆಯೇ; 2017ರವರೆಗೆ ಲೆಕ್ಕಕ್ಕಿದ್ದದ್ದು ಈ ನಾಲ್ಕು ಜಾಗಗಳು. 2024ರ ಪರಿಷ್ಕರಣೆ ಕಣ್ಣಿನ ನರವನ್ನು ಐದನೆಯ ಜಾಗವಾಗಿ ಸೇರಿಸಿತು. ನನ್ನ ತಂಗಿಗೆ ಕಾಯಿಲೆ ಶುರುವಾದದ್ದೇ ಅಲ್ಲಿ. "ಬಿಳಿ ದ್ರವ್ಯದಲ್ಲಿ ಕೆಲವು ಚುಕ್ಕೆಗಳು" ಎಂಬ ಒಂದು ಸಾಲಿನಿಂದ ಈ ಐದರಲ್ಲಿ ಯಾವುದನ್ನೂ ತೀರ್ಮಾನಿಸಲಾಗುವುದಿಲ್ಲ. 3 ಮಿಲಿಮೀಟರಿಗಿಂತ ದೊಡ್ಡವು ಎಷ್ಟು, ಕಾಂಟ್ರಾಸ್ಟ್ ಹಿಡಿದವು ಎಷ್ಟು, ಹೋದ ಸಲಕ್ಕಿಂತ ಹೆಚ್ಚಾದವು ಎಷ್ಟು ಎಂದು ಬಿಡಿಸಿ ಬರೆದರೆ ಅದೇ ಕಾಗದ ಔಷಧಿ ಬದಲಿಸುವ ಆಧಾರವಾಗುತ್ತದೆ. ಚುಕ್ಕೆಗಳು ಎಂಎಸ್ ಅಲ್ಲವೆಂದು ನಿಮಗೆ ಅನಿಸಿದರೆ ಅದನ್ನೂ ಧೈರ್ಯವಾಗಿ ಬರೆಯಿರಿ. ಆ 110 ಜನರಿಗೆ ಬೇಕಾಗಿದ್ದದ್ದು ಅಂಥ ಒಂದು ಸಾಲು.

ಚಿತ್ರ ತೆಗೆಯುವ ಬಗೆಯೂ ನಿಮ್ಮಿಬ್ಬರ ಕೈಯಲ್ಲೇ ಇದೆ. 5 ಮಿಲಿಮೀಟರ್ ದಪ್ಪದ ಚಿತ್ರಗಳನ್ನು ನಡುವೆ ಅಂತರ ಬಿಟ್ಟು ತೆಗೆದರೆ 3 ಮಿಲಿಮೀಟರ್ ಕಲೆ ಆ ಸಂದಿನಲ್ಲಿ ಮಾಯವಾಗಬಹುದು. ಹೋದ ವರ್ಷ ತಲೆ ಒಂದು ಕೋನದಲ್ಲಿ, ಈ ವರ್ಷ ಇನ್ನೊಂದು ಕೋನದಲ್ಲಿ ಇದ್ದರೆ ಹಳೆಯ ಕಲೆ ಹೊಸದಾಗಿ ಕಾಣುತ್ತದೆ, ಹೊಸದು ಹಳೆಯದಾಗಿ ಕಾಣುತ್ತದೆ. ಯುರೋಪಿನ ಮ್ಯಾಗ್ನಿಮ್ಸ್ ಜಾಲ ಮತ್ತು ಉತ್ತರ ಅಮೆರಿಕದ ಎರಡು ತಜ್ಞರ ಒಕ್ಕೂಟಗಳು 2021ರಲ್ಲಿ ಜೊತೆಯಾಗಿ ಒಂದು ಶಿಫಾರಸು ಪ್ರಕಟಿಸಿದವು. ನೀವು ಅದನ್ನು ಓದಿರುತ್ತೀರಿ. ಮೂರು ಆಯಾಮದ ಫ್ಲೇರ್ ಚಿತ್ರವೇ ಮುಖ್ಯ, ಕನಿಷ್ಠ 1.5 ಟೆಸ್ಲಾ ಯಂತ್ರ, ಸಾಧ್ಯವಾದರೆ 3 ಟೆಸ್ಲಾ, ಸಾಧ್ಯವಾದಷ್ಟೂ ಅದೇ ಯಂತ್ರ, ಅದೇ ವಿಧಾನ. ಔಷಧಿ ಶುರುಮಾಡಿದ 3ರಿಂದ 6 ತಿಂಗಳಿಗೆ ಹೊಸ ಆಧಾರಚಿತ್ರ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಎಂಬುದು ಅದರ ತಿರುಳು. ಆ ಆಧಾರಚಿತ್ರದ ಮಾತನ್ನು ನಮಗೆ ಬಿಡಿಸಿ ಹೇಳಿದವರು ಬಹಳ ಕಡಿಮೆ. ಔಷಧಿ ಕೆಲಸಕ್ಕೆ ಹತ್ತುವ ಮೊದಲಿನ ತಿಂಗಳುಗಳಲ್ಲಿ ಬಂದ ಕಲೆಯನ್ನು ಔಷಧಿಯ ಸೋಲು ಎಂದು ಎಣಿಸಬಾರದು, ಅದಕ್ಕಾಗಿ ಆ ಚಿತ್ರ. ಅದು ಇಲ್ಲದಿದ್ದರೆ ಒಳ್ಳೆಯ ಔಷಧಿಯನ್ನು ಸುಮ್ಮನೆ ಬದಲಿಸಿಬಿಡುತ್ತೀರಿ, ಮುಂದಿನದಕ್ಕೆ ನಾವು ಸಾಲ ಮಾಡುತ್ತೇವೆ.

ಕಾಂಟ್ರಾಸ್ಟಿನ ವಿಷಯದಲ್ಲೂ ನೀವು ಮಾತನಾಡಿಕೊಳ್ಳಬೇಕು. ಕಾಂಟ್ರಾಸ್ಟಿಗೆಂದು ಪದೇಪದೇ ಗ್ಯಾಡೊಲಿನಿಯಂ ಚುಚ್ಚಿಸಿಕೊಂಡವರ ಮಿದುಳಿನಲ್ಲಿ ಅದರ ಗುರುತು ಉಳಿಯುತ್ತದೆಂದು 2014ರಲ್ಲಿ ಜಪಾನಿನ ರೇಡಿಯಾಲಜಿಸ್ಟರು ತೋರಿಸಿಕೊಟ್ಟರು. ಅದರಿಂದ ಹಾನಿಯಾಗುತ್ತದೆಂದು ಸಾಬೀತಾಗಿಲ್ಲ, ಆದರೂ 2017ರಲ್ಲಿ ಯುರೋಪು ಕೆಲವು ಬಗೆಯ ಗ್ಯಾಡೊಲಿನಿಯಂ ಔಷಧಿಗಳ ಬಳಕೆಯನ್ನು ತಡೆಹಿಡಿಯಿತು. ಮೊದಲ ನಿರ್ಣಯಕ್ಕೆ ಕಾಂಟ್ರಾಸ್ಟ್ ಬೇಕು. ಪ್ರತಿ ವರ್ಷದ ನಿಗಾಕ್ಕೆ, ಹಳೆಯ ಚಿತ್ರ ಪಕ್ಕದಲ್ಲಿದ್ದರೆ, ಬಹಳಷ್ಟು ಸಲ ಬೇಕಾಗುವುದಿಲ್ಲ ಎಂದು 2021ರ ಶಿಫಾರಸೂ ಹೇಳುತ್ತದೆ. ಹಳೆಯ ಚಿತ್ರ ಪಕ್ಕದಲ್ಲಿ ಇಲ್ಲದಿರುವುದಕ್ಕೆ ರೋಗಿಯ ರಕ್ತನಾಳಕ್ಕೆ ಸೂಜಿ ಚುಚ್ಚುವುದು ಸರಿಯಲ್ಲ. ಕಲೆಯ ನಟ್ಟನಡುವೆ ಹಾದುಹೋಗುವ ಪುಟ್ಟ ಅಭಿಧಮನಿ ಎಂಎಸ್‌ನ ಗುರುತು ಎಂದು 2024ರ ಸೂತ್ರಗಳು ಒಪ್ಪಿವೆ. ಅದನ್ನು ನೋಡಲು ಬೇರೆಯದೇ ಸೀಕ್ವೆನ್ಸ್ ಹಾಕಬೇಕು. ಬೇಕೆಂದು ಮೇಲಿನ ಮಹಡಿಯ ನರರೋಗ ತಜ್ಞರು ಹೇಳದಿದ್ದರೆ ಕೆಳಗಿನ ಟೆಕ್ನಿಶಿಯನ್ ಅದನ್ನು ಹಾಕುವುದಿಲ್ಲ, ಹಾಕಲು ಅವರಿಗೆ ಕಾರಣವೂ ಇಲ್ಲ.

ನಮ್ಮ ನಾಡಿಗೆ ಈ ಒಡನಾಟ ಯುರೋಪಿಗಿಂತಲೂ ಹೆಚ್ಚು ಬೇಕು ಎಂದು ನಾನು ವಾದಿಸುತ್ತೇನೆ. ಎಂಎಸ್ ಬಿಳಿಯರ ಕಾಯಿಲೆ, ನಮ್ಮಲ್ಲಿ ಇಲ್ಲವೇ ಇಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. ಅದನ್ನು ಅಲುಗಾಡಿಸಿದವರಲ್ಲಿ ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಒಬ್ಬರು. ಅವರು ಕಟ್ಟಿ ಬೆಳೆಸಿದ, ಮೈಲಿನ್ ಕೆಡಿಸುವ (ಡಿಮೈಲಿನೇಟಿಂಗ್) ಕಾಯಿಲೆಗಳ ನೋಂದಣಿಯ ಆಧಾರದ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನವು ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು 8 ಜನರಲ್ಲಿ ಎಂಎಸ್ ಇರುವುದನ್ನು ತೋರಿಸಿತು. ಅದರ ಜೊತೆಗೇ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ಕಾಯಿಲೆಯ ಪಾಲು ನಮ್ಮಲ್ಲಿ ಗಣನೀಯವಾಗಿದೆ ಎಂಬುದನ್ನೂ ಎತ್ತಿ ತೋರಿಸಿತು. ಅದೂ ಕಣ್ಣಿನ ನರಕ್ಕೆ, ಬೆನ್ನುಹುರಿಗೆ ಬರುವ ಕಾಯಿಲೆ. ಅದನ್ನು ಬಹಳ ವರ್ಷ ಎಂಎಸ್‌ನದೇ ಒಂದು ರೂಪವೆಂದು ಭಾವಿಸಲಾಗಿತ್ತು. 2004ರಲ್ಲಿ ಅದರ ಪ್ರತಿಕಾಯ ಪತ್ತೆಯಾದ ಮೇಲೆ ಅದು ಬೇರೆಯೇ ಎಂದು ಖಚಿತವಾಯಿತು. ಇವೆರಡನ್ನೂ ಹೋಲುವ ಮೂರನೆಯದು ಮಾಗ್ (ಎಂಒಜಿ) ಪ್ರತಿಕಾಯದ ಕಾಯಿಲೆ; ಅದಕ್ಕೆ 2023ರಲ್ಲಿ ಪ್ರತ್ಯೇಕ ಸೂತ್ರಗಳು ಬಂದವು.

ಇವು ಹೆಸರಿನ ವ್ಯತ್ಯಾಸಗಳಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಎಂಎಸ್‌ಗೆ ಕೊಡುವ ಬೀಟಾ ಇಂಟರ್‌ಫೆರಾನ್, ಫಿಂಗೊಲಿಮಾಡ್, ನಟಲಿಜುಮ್ಯಾಬ್‌ಗಳು ನ್ಯೂರೋಮೈಲೈಟಿಸ್ ಇರುವವರಿಗೆ ಕಾಯಿಲೆಯನ್ನು ಉಲ್ಬಣಗೊಳಿಸಬಲ್ಲವು. ಆ ಕಾಯಿಲೆಯ ಒಂದೊಂದು ದಾಳಿಯೂ ಕಣ್ಣನ್ನೋ ಕಾಲನ್ನೋ ಕಸಿದುಕೊಳ್ಳಬಹುದು. ಅದನ್ನೂ ಎಂಎಸ್ ಅನ್ನೂ ಬೇರ್ಪಡಿಸುವ ಮೊದಲ ಸುಳಿವು ಎಷ್ಟೋ ಸಲ ಚಿತ್ರದಲ್ಲಿರುತ್ತದೆ. ಬೆನ್ನುಹುರಿಯ ಕಲೆ ಮೂರು ಅಥವಾ ಹೆಚ್ಚು ಬೆನ್ನೆಲುಬಿನ ಮಣಿಗಳಷ್ಟು ಉದ್ದವಿದ್ದರೆ ನ್ಯೂರೋಮೈಲೈಟಿಸ್‌ನ ಅನುಮಾನ ಏಳಬೇಕು. ಎಂಎಸ್‌ನ ಕಲೆ ಸಾಮಾನ್ಯವಾಗಿ ಚಿಕ್ಕದು, ಹುರಿಯ ಅಂಚಿನ ಕಡೆಗಿರುವಂಥದ್ದು. ಉದ್ದ ಅಳೆಯದೆ ಕಲೆ ಇದೆ ಎಂದಷ್ಟೇ ಬರೆದ ರಿಪೋರ್ಟಿನಿಂದ ಇದು ತಿಳಿಯುವುದಿಲ್ಲ. ದಾಳಿ ಕಳೆದು ತಿಂಗಳುಗಳ ನಂತರ ಚಿತ್ರ ತೆಗೆದರೆ ಉದ್ದದ ಕಲೆ ಕುಗ್ಗಿ ತುಂಡು ತುಂಡಾಗಿ ಕಾಣಬಹುದು, ಆದ್ದರಿಂದ ದಾಳಿ ಎಂದು ಆಯಿತೆಂಬುದು ರೇಡಿಯಾಲಜಿಸ್ಟರಿಗೆ ತಿಳಿದಿರಬೇಕು. ಬಿಡದ ಬಿಕ್ಕಳಿಕೆ, ನಿಲ್ಲದ ವಾಂತಿಯಿಂದಲೂ ಆ ಕಾಯಿಲೆ ಶುರುವಾಗುವುದುಂಟು. ಅಂಥವರು ಮೊದಲು ಹೋಗುವುದು ಹೊಟ್ಟೆಯ ಡಾಕ್ಟರ ಹತ್ತಿರ. ಬಿಕ್ಕಳಿಕೆ ಎಂಬ ಒಂದು ಶಬ್ದ ಚೀಟಿಯಲ್ಲಿದ್ದರೆ ರೇಡಿಯಾಲಜಿಸ್ಟರ ಕಣ್ಣು ಮಿದುಳಿನ ಕಾಂಡದ ಹಿಂಭಾಗದ ಆ ಪುಟ್ಟ ಜಾಗಕ್ಕೆ ತಾನಾಗಿಯೇ ಹೋಗುತ್ತದೆ. ತಂಗಿಗೆ ಪ್ರತಿಕಾಯದ ಪರೀಕ್ಷೆ ಮಾಡಿಸಿದ್ದೂ ಇಬ್ಬರು ವೈದ್ಯರು ಒಟ್ಟಿಗೆ ಕುಳಿತು ಇಂಥ ಪ್ರಶ್ನೆಗಳನ್ನು ಎತ್ತಿದ್ದರಿಂದ. ಅವಳದು ನ್ಯೂರೋಮೈಲೈಟಿಸ್ ಅಲ್ಲ ಎಂದು ತಿಳಿದ ಮೇಲೆಯೇ ಔಷಧಿ ಶುರುವಾಯಿತು.

ನಿಮ್ಮ ಕಷ್ಟ ನನಗೆ ಕಾಣುತ್ತದೆ. ನರರೋಗ ತಜ್ಞರೇ, ನಿಮ್ಮ ಓಪಿಡಿಯ ಸಾಲು ಬೆಳಗಿನ ಜಾವವೇ ಶುರುವಾಗಿರುತ್ತದೆ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ರೇಡಿಯಾಲಜಿಸ್ಟರೇ, ನಿಮ್ಮ ಪರದೆಯ ಮೇಲೆ ಎಂಎಸ್ ಒಂದೇ ಬರುವುದಿಲ್ಲ. ಅಪಘಾತದ ತಲೆ, ಪಾರ್ಶ್ವವಾಯು, ಮಂಡಿ, ಹೊಟ್ಟೆ ಎಲ್ಲವೂ ಸಾಲುಗಟ್ಟಿರುತ್ತವೆ, ಸಂಜೆಯೊಳಗೆ ಎಲ್ಲ ರಿಪೋರ್ಟೂ ಕೊಡಬೇಕೆಂಬ ಒತ್ತಡವಿರುತ್ತದೆ. ಎಷ್ಟೋ ಕಡೆ ಸ್ಕ್ಯಾನ್ ಆಗುವುದು ಆಸ್ಪತ್ರೆಯ ಹೊರಗಿನ ಸೆಂಟರಿನಲ್ಲಿ, ಅಲ್ಲಿನವರಿಗೂ ಆಸ್ಪತ್ರೆಯವರಿಗೂ ಮುಖಪರಿಚಯವೇ ಇರುವುದಿಲ್ಲ. ಆದರೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇಷ್ಟೇ ಒತ್ತಡದ ನಡುವೆಯೂ ಟ್ಯೂಮರ್ ಬೋರ್ಡ್ ಸೇರುತ್ತದೆ. ಸರ್ಜನ್, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್, ಔಷಧಿ ಕೊಡುವವರು ಒಂದೇ ಕೋಣೆಯಲ್ಲಿ ಕುಳಿತು ಒಬ್ಬ ರೋಗಿಯ ಬಗ್ಗೆ ಮಾತನಾಡುತ್ತಾರೆ. ಗಡ್ಡೆಗೆ ಸಲ್ಲುವ ಈ ಗೌರವ ಮೈಲಿನ್‌ಗೂ ಸಲ್ಲಬೇಕು. ವಾರಕ್ಕೊಂದು ಗಂಟೆ ಆಗದಿದ್ದರೆ ಹದಿನೈದು ದಿನಕ್ಕೊಂದು ಗಂಟೆ. ಎಲ್ಲ ರೋಗಿಗಳೂ ಬೇಡ, ಅನುಮಾನ ಇರುವವರು, ಔಷಧಿ ಬದಲಿಸಬೇಕಾದವರು, ಹೊಸದಾಗಿ ಗುರುತಾದವರು ಸಾಕು. ಆ ಒಂದು ಗಂಟೆಯಲ್ಲಿ ಪಿಜಿ ಓದುವ ಎರಡೂ ವಿಭಾಗದ ಮಕ್ಕಳು ಹಿಂದೆ ನಿಂತಿದ್ದರೆ ಮುಂದಿನ ಪೀಳಿಗೆಗೆ ಈ ಪತ್ರ ಬರೆಯುವ ಅಗತ್ಯವೇ ಬರುವುದಿಲ್ಲ.

ದೂರ ಎಂಬ ನೆಪವನ್ನಂತೂ ನಮ್ಮ ರಾಜ್ಯದವರು ಹೇಳುವಂತಿಲ್ಲ. ಬೆಂಗಳೂರಿನಲ್ಲಿ 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ್ ಮತ್ತು ಡಾ. ಸುನೀತಾ ಮಹೇಶ್ವರಿ ಶುರುಮಾಡಿದ ಟೆಲಿರೇಡಿಯಾಲಜಿ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಸ್ಕ್ಯಾನ್‌ಗಳನ್ನು ಇಲ್ಲಿನ ಹಗಲಿನಲ್ಲಿ ಓದಿ ಕಳಿಸುತ್ತಾ ಬಂದಿದೆ. ಸಾಗರದಾಚೆಯ ರೋಗಿಯ ಚಿತ್ರ ಇಲ್ಲಿಗೆ ನಿಮಿಷಗಳಲ್ಲಿ ಬರುತ್ತದೆ. ಚಿತ್ರದುರ್ಗದ ಚಿತ್ರ ಬೆಂಗಳೂರಿಗೆ ಬರಲು ಮಾತ್ರ ನಾನು ಸಿಡಿಯನ್ನು ಚೀಲದಲ್ಲಿಟ್ಟುಕೊಂಡು ರಾತ್ರಿ ಬಸ್ಸು ಹತ್ತಬೇಕು. 2022ರಲ್ಲಿ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ಸರಕಾರ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಜಿಲ್ಲಾ ಆಸ್ಪತ್ರೆಗಳಿಗೆ ನರರೋಗ ಚಿಕಿತ್ಸೆಯನ್ನು ತಲುಪಿಸುವ ಉದ್ದೇಶದ್ದು. ಅದರ ಭಾಗವಾಗಿ ಜಿಲ್ಲೆಯ ಎಂಆರ್‌ಐ ಕೇಂದ್ರಗಳಿಗೆ ಎಂಎಸ್‌ನ ಒಂದೇ ವಿಧಾನ, ಒಂದೇ ಬಗೆಯ ಚೀಟಿ, ಒಂದೇ ಬಗೆಯ ರಿಪೋರ್ಟು ನಿಗದಿಯಾದರೆ ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರವೂ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್‌ಗೆ ಹೆಸರು ಹಿಡಿದು ಜಾಗ ಕೊಟ್ಟಿದ್ದಾರೆ. ಅಂಗವಿಕಲತೆಯ ಪ್ರಮಾಣಪತ್ರ ಬೇಕಾಗದ ಹಾಗೆ ರೋಗಿಯನ್ನು ಉಳಿಸಿಕೊಳ್ಳುವುದು ನಿಮ್ಮಿಬ್ಬರ ಕೈಯಲ್ಲಿದೆ.

ರಿಪೋರ್ಟು ಈಗ ನಿಮ್ಮ ಕೈ ಸೇರುವ ಮೊದಲೇ ವಾಟ್ಸಾಪಿನಲ್ಲಿ ನಮಗೆ ಬರುತ್ತದೆ ಎಂಬುದನ್ನೂ ಹೇಳಬೇಕು. ರಾತ್ರಿ ಹತ್ತು ಗಂಟೆಗೆ ಪಿಡಿಎಫ್ ತೆರೆದು, ಒಂದೊಂದು ಶಬ್ದವನ್ನೂ ಮೊಬೈಲಿನಲ್ಲಿ ಹುಡುಕುತ್ತಾ, ಹೊಸ ಕಲೆ ಎಂದರೆ ಮುಂದೇನು ಎಂದು ತಂಗಿ ಕೇಳಿದಾಗ ನಾನು ಉತ್ತರ ಕೊಡಬೇಕಾಗುತ್ತದೆ. ಹೈಸ್ಕೂಲಿನ ವಿಜ್ಞಾನದಿಂದ ಅದಕ್ಕೆ ಉತ್ತರ ಹುಟ್ಟುವುದಿಲ್ಲ. ಫಿಲ್ಮ್ ಜೋಪಾನ ಮಾಡುವುದು, ಸಿಡಿಗಳ ಮೇಲೆ ದಿನಾಂಕ ಬರೆದಿಡುವುದು, ಕಣ್ಣಿನ ಆಸ್ಪತ್ರೆಯ ಹಳೆಯ ಚೀಟಿಯನ್ನೂ ಕಡತಕ್ಕೆ ಸೇರಿಸುವುದು ನಮ್ಮ ಕೆಲಸ, ಮಾಡುತ್ತೇವೆ. ಒಬ್ಬ ವೈದ್ಯರ ಅನುಮಾನವನ್ನು ಇನ್ನೊಬ್ಬ ವೈದ್ಯರಿಗೆ ಅರ್ಥ ಕೆಡದಂತೆ ದಾಟಿಸುವುದು ನಮ್ಮಿಂದ ಆಗದ ಕೆಲಸ. ಅದನ್ನು ದಯವಿಟ್ಟು ನಮ್ಮ ಕೈಯಿಂದ ತೆಗೆದುಕೊಳ್ಳಿ.

ತಂಗಿಯ ಮುಂದಿನ ಎಂಆರ್‌ಐ ನವೆಂಬರಿನಲ್ಲಿದೆ. ನರರೋಗ ತಜ್ಞರೇ, ಚೀಟಿಯಲ್ಲಿ ಹೀಗೆ ಬರೆದುಕೊಡಿ: ಎಂಎಸ್ ಎಂದು ಖಚಿತವಾದವರು, ಎಡಗಣ್ಣಿನ ನರಕ್ಕೂ ಕತ್ತಿನ ಬೆನ್ನುಹುರಿಗೂ ಹಿಂದೆ ದಾಳಿಯಾಗಿದೆ, ಈಗ ರಿಟುಕ್ಸಿಮ್ಯಾಬ್ ಮೇಲಿದ್ದಾರೆ, ಬೇಸಿಗೆಯಿಂದ ಬಲಗೈ ಬರವಣಿಗೆ ನಿಧಾನವಾಗಿದೆ, ಹೋದ ವರ್ಷದ ಚಿತ್ರಕ್ಕೆ ಹೋಲಿಸಿ ಹೊಸ ಕಲೆ ಇದೆಯೇ ನೋಡಿ, ಮಿದುಳಿನ ಜೊತೆ ಕತ್ತಿನ ಬೆನ್ನುಹುರಿಯನ್ನೂ ತೆಗೆಯಿರಿ, ಹೋಲಿಸಿದ ಮೇಲೂ ಅನುಮಾನ ಉಳಿದರೆ ಮಾತ್ರ ಕಾಂಟ್ರಾಸ್ಟ್ ಕೊಡಿ. ಅದರ ಕೆಳಗೆ ನಿಮ್ಮ ಫೋನ್ ನಂಬರ್ ಬರೆಯಿರಿ. ರೇಡಿಯಾಲಜಿಸ್ಟರೇ, ಹಳೆಯ ಸಿಡಿ ನಾನೇ ತಂದುಕೊಡುತ್ತೇನೆ, ಅವಳು ಯಂತ್ರದಿಂದ ಇಳಿಯುವ ಮೊದಲು ಎರಡನ್ನೂ ಅಕ್ಕಪಕ್ಕ ತೆರೆಯಿರಿ, ಒಂದು ಕಲೆಯ ಬಗ್ಗೆಯಾದರೂ ಅನುಮಾನ ಬಂದರೆ ಆಗಲೇ ಆ ನಂಬರಿಗೆ ಫೋನ್ ಮಾಡಿ.

ಇಂತಿ,
ಎಂಎಸ್ ಇರುವ ತಂಗಿಯೊಬ್ಬಳ ಅಕ್ಕ
ಚಿತ್ರದುರ್ಗ ಜಿಲ್ಲೆ